ಎಷ್ಟು ತಾಸು ಹಾರಿದ್ದೀರಿ?

(ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಪದವಿ ವಿದ್ಯಾರ್ಥಿಗಳು ಮತ್ತು ಪಾಲಕರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ. ಸಮಯದ ಅಭಾವದಿಂದ ಅಂದು ಹೇಳಲಾಗದ ಕೆಲವು ವಿವರಗಳನ್ನು ಇಲ್ಲಿ ಸೇರಿಸಿದ್ದೇನೆ.)

ಹೋದ ಮಳೆಗಾಲದಲ್ಲಿ ರಾಣೆಬೆನ್ನೂರಿನ ಕಡೆಯ ರೈತರೊಬ್ಬರು ಮಗನನ್ನು ಕರೆದುಕೊಂಡು ಧಾರವಾಡದ ನಮ್ಮ ಮನೆಗೆ ಬಂದಿದ್ದರು. ಮಗನ ಕೈಯಲ್ಲಿ ಅವನ ಲಾಗ್‌ಬುಕ್, ಅಂದರೆ ಹಾರಿದ ತಾಸುಗಳನ್ನು ಬರೆದಿಡುವ ಪುಸ್ತಕ ಇತ್ತು, ತಂದೆಯ ಕೈಯಲ್ಲಿ ವಿಮಾನ ಕಂಪನಿಯೊಂದರ ನೇಮಕಾತಿ ಜಾಹೀರಾತಿನ ಪ್ರತಿ ಇತ್ತು. ಹುಡುಗ ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಪಡೆದು ಹತ್ತು ತಿಂಗಳಾಗಿತ್ತು. ಚಹಾ ಕುಡಿದು ಮುಗಿಯುವ ಮೊದಲೇ ತಂದೆ ಕೇಳಿದರು: ‘ಸರ, ಸರಕಾರ ಇವಗ ಲೈಸೆನ್ಸ್ ಕೊಟ್ಟೈತಿ. ಕೊಟ್ಟ ಮ್ಯಾಲೆ ಇವ ವಿಮಾನ ಹಾರಸಾಕ ಯೋಗ್ಯ ಅದಾನ ಅಂತ ಆತಲ್ರಿ? ಹಂಗಾದ್ರ ಈ ಕಂಪನಿಯವ್ರು ಮತ್ತ ಐದುನೂರು ತಾಸು ಯಾಕ ಕೇಳ್ತಾರ್ರಿ?’

ನಾನು ಸುಮಾರು ಮೂರು ದಶಕ ಪ್ರಯಾಣಿಕ ವಿಮಾನಗಳನ್ನು ಹಾರಿಸಿದವನು. ಕೊನೆಯ ಏಳೆಂಟು ವರ್ಷ ಹೊಸ ಪೈಲಟ್‌ಗಳನ್ನು ಆರಿಸುವ ಮಂಡಳಿಯಲ್ಲೂ ಕೂತಿದ್ದೆ. ಆದರೂ ಆ ದಿನ ಅವರಿಗೆ ಒಂದೇ ಮಾತಿನಲ್ಲಿ ಉತ್ತರ ಹೇಳಲು ನನಗೆ ಆಗಲಿಲ್ಲ. ಇವತ್ತಿನ ಮಾತು ಆ ಪ್ರಶ್ನೆಗೆ ಕೊಡಬೇಕಾಗಿದ್ದ ಪೂರ್ಣ ಉತ್ತರ ಎಂದು ತಿಳಿಯಿರಿ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಜಾಹೀರಾತಿನಲ್ಲಿ ಅಚ್ಚಾಗುವ ‘ಕನಿಷ್ಠ ಅನುಭವ’ದ ಅಂಕಿ ಅಭ್ಯರ್ಥಿಯ ಕೌಶಲವನ್ನು ಅಳೆಯುವುದಕ್ಕಿಂತ ಹೆಚ್ಚಾಗಿ, ಆ ಕಂಪನಿ ತಾನು ಎಷ್ಟು ಕಲಿಸಲು ಸಿದ್ಧವಿದೆ, ಎಷ್ಟನ್ನು ಬೇರೆಯವರ ಖರ್ಚಿನಲ್ಲಿ ಕಲಿತು ಬರಲಿ ಎಂದು ಬಯಸುತ್ತದೆ ಎಂಬುದನ್ನು ಅಳೆಯುತ್ತದೆ.

ಮೊದಲು ಕಾನೂನು ಹಾಕಿದ ತಳಪಾಯವನ್ನು ನೋಡೋಣ. ನಮ್ಮಲ್ಲಿ ಲೈಸೆನ್ಸ್ ಕೊಡುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ. ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಬೇಕಾದರೆ ಹದಿನೆಂಟು ವರ್ಷ ತುಂಬಿರಬೇಕು, ವೈದ್ಯಕೀಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕು, ಬರಹದ ಪರೀಕ್ಷೆಗಳನ್ನು ಪಾಸು ಮಾಡಿರಬೇಕು, ಮತ್ತು 200 ತಾಸು ಹಾರಿರಬೇಕು. ಈ 200ರಲ್ಲಿ 100 ತಾಸು ತಾನೇ ಪೈಲಟ್ ಇನ್ ಕಮಾಂಡ್ ಆಗಿ, ಅಂದರೆ ವಿಮಾನದ ಪೂರ್ಣ ಹೊಣೆ ಹೊತ್ತು ಹಾರಿರಬೇಕು. ಒಮ್ಮೆಯಾದರೂ 300 ನಾಟಿಕಲ್ ಮೈಲಿಗೆ ಕಡಿಮೆಯಿಲ್ಲದ, ಅಂದರೆ ಸುಮಾರು 555 ಕಿಲೋಮೀಟರಿನ ದೂರಪ್ರಯಾಣ ಮಾಡಿ, ನಡುವೆ ಎರಡು ಬೇರೆ ಬೇರೆ ನಿಲ್ದಾಣಗಳಲ್ಲಿ ಇಳಿದಿರಬೇಕು. ಹೊರಗಿನ ನೋಟವನ್ನು ನಂಬದೆ ಉಪಕರಣಗಳನ್ನಷ್ಟೇ ನೋಡಿ ಹಾರಿದ್ದು 10 ತಾಸು, ರಾತ್ರಿ ಹಾರಿದ್ದು 5 ತಾಸು ಇರಬೇಕು. ಇನ್ನು ಪ್ರಯಾಣಿಕ ವಿಮಾನದ ಎಡಗಡೆಯ ಸೀಟಿನಲ್ಲಿ, ಅಂದರೆ ಕಮಾಂಡರ್ ಆಗಿ ಕೂರಬೇಕಾದರೆ ಏರ್‌ಲೈನ್ ಟ್ರಾನ್ಸ್‌ಪೋರ್ಟ್ ಪೈಲಟ್ ಲೈಸೆನ್ಸ್ ಬೇಕು. ಅದಕ್ಕೆ ಕನಿಷ್ಠ 1,500 ತಾಸು. ಈ 200 ಮತ್ತು 1,500 ಎಂಬ ಎರಡು ಅಂಕಿಗಳು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮಾನದಂಡದಲ್ಲೂ ಇವೆ.

ಹಾಗಾದರೆ ಕಾನೂನಿನ ಪ್ರಕಾರ 200 ತಾಸಿನ ಪೈಲಟ್ ಬಲಗಡೆಯ ಸೀಟಿನಲ್ಲಿ, ಕೋ-ಪೈಲಟ್ ಆಗಿ, ದೊಡ್ಡ ಜೆಟ್ ವಿಮಾನದಲ್ಲಿ ಕೂರಬಹುದೇ? ಆ ಮಾದರಿಯ ವಿಮಾನದ ಟೈಪ್ ರೇಟಿಂಗ್, ಅಂದರೆ ಅದನ್ನು ಹಾರಿಸಲು ಬೇಕಾದ ಪ್ರತ್ಯೇಕ ಅರ್ಹತೆ ಪಡೆದಿದ್ದರೆ ಕೂರಬಹುದು. ಇದು ಭಾರತದಲ್ಲೂ ಯುರೋಪಿನಲ್ಲೂ ದಿನವೂ ನಡೆಯುತ್ತಿರುವ ಸಂಗತಿ. ಕಾನೂನು ಹಾಕಿದ ಈ ತಳಪಾಯದ ಮೇಲೆ ಕಂಪನಿಗಳು ತಮ್ಮದೇ ಗೋಡೆ ಕಟ್ಟುತ್ತವೆ. ಒಂದು ಕಂಪನಿ 200 ತಾಸಿನವರನ್ನು ತೆಗೆದುಕೊಂಡರೆ ಇನ್ನೊಂದು 500 ಕೇಳುತ್ತದೆ, ಮತ್ತೊಂದು ‘ಇದೇ ಮಾದರಿಯ ವಿಮಾನದಲ್ಲಿ 500’ ಎನ್ನುತ್ತದೆ. ಈ ಗೋಡೆಯ ಎತ್ತರ ನಿರ್ಧಾರವಾಗುವ ಬಗೆಯೇ ಇವತ್ತಿನ ವಿಷಯ.

ಅದಕ್ಕಿಂತ ಮುಂಚೆ ತಾಸು ಎಂದರೆ ಏನು ಎಂಬುದು ಸ್ಪಷ್ಟವಾಗಬೇಕು. ಲಾಗ್‌ಬುಕ್ ತೆರೆದು ನೋಡಿದವರಿಗೆ ಗೊತ್ತು, ಅದು ಅಡ್ಡ ಹಾಳೆಯ, ಗಟ್ಟಿ ರಟ್ಟಿನ ಪುಸ್ತಕ. ಎಡಗಡೆ ದಿನಾಂಕ, ವಿಮಾನದ ಮಾದರಿ, ಅದರ ನೋಂದಣಿ ಅಕ್ಷರಗಳು, ಎಲ್ಲಿಂದ ಎಲ್ಲಿಗೆ ಎಂಬುದು. ಬಲಗಡೆಗೆ ಸಾಲಾಗಿ ಅಂಕಣಗಳು: ಹಗಲು, ರಾತ್ರಿ, ಒಂದು ಎಂಜಿನ್, ಎರಡು ಎಂಜಿನ್, ಕಲಿಯುವವನಾಗಿ, ಕಮಾಂಡಿನಲ್ಲಿ, ಕೋ-ಪೈಲಟ್ ಆಗಿ, ಉಪಕರಣ ನೋಡಿ. ಪ್ರತಿ ಹಾಳೆಯ ಕೆಳಗೆ ಮೊತ್ತ, ಅದರ ಕೆಳಗೆ ಹಿಂದಿನ ಹಾಳೆಯಿಂದ ತಂದ ಮೊತ್ತ. ಕಿರಾಣಿ ಅಂಗಡಿಯ ಖಾತೆ ಪುಸ್ತಕದ ಹಾಗೆ ಒಂದು ಹಾಳೆಯ ತಪ್ಪು ಮುಂದಿನ ಎಲ್ಲ ಹಾಳೆಗಳಿಗೂ ಹರಿಯುತ್ತದೆ. ಆಯ್ಕೆ ಮಂಡಳಿಯಲ್ಲಿ ಕೂತವರು ಕಟ್ಟಕಡೆಯ ದೊಡ್ಡ ಮೊತ್ತವನ್ನು ಒಮ್ಮೆ ನೋಡಿ, ಆಮೇಲೆ ಅಂಕಣಗಳಿಗೇ ಬರುತ್ತಾರೆ. ನನ್ನ ಜೊತೆ ಕೂತಿದ್ದ ಹಿರಿಯ ಪರೀಕ್ಷಕರೊಬ್ಬರಂತೂ ಮೊತ್ತದ ಮೇಲೆ ಅಂಗೈ ಇಟ್ಟು ಮುಚ್ಚಿಕೊಂಡೇ ಅಂಕಣಗಳನ್ನು ಓದುತ್ತಿದ್ದರು.

ಏಕೆಂದರೆ ತಾಸುಗಳೆಲ್ಲ ಒಂದೇ ತೂಕದವಲ್ಲ. ನಿರಭ್ರ ಆಕಾಶದಲ್ಲಿ, ಒಂದೇ ನಿಲ್ದಾಣದ ಸುತ್ತ, ಒಂದು ಎಂಜಿನ್ನಿನ ಸೆಸ್ನಾ ವಿಮಾನದಲ್ಲಿ ಹಾರಿದ ಸಾವಿರ ತಾಸು ಇರಬಹುದು. ಜೂನ್ ತಿಂಗಳಿನಲ್ಲಿ ಪಶ್ಚಿಮ ಘಟ್ಟ ದಾಟಿ ಬರುವ ಮೋಡದ ಕೆಳಗೆ, ಅಡ್ಡಗಾಳಿಯಲ್ಲಿ, ದಿನಕ್ಕೆ ನಾಲ್ಕು ಬಾರಿ ಏರಿಳಿದು ಸೇರಿಸಿದ ಮುನ್ನೂರು ತಾಸೂ ಇರಬಹುದು. ಬೆಂಗಳೂರಿನಿಂದ ಹುಬ್ಬಳ್ಳಿಗೆ ಎಟಿಆರ್ ಎಂಬ ಸಣ್ಣ ಪ್ರಯಾಣಿಕ ವಿಮಾನದಲ್ಲಿ ಬರುವ ಕೋ-ಪೈಲಟ್‌ಗೆ ಒಂದು ತಾಸಿನ ಆಸುಪಾಸಿನ ಹಾರಾಟದಲ್ಲಿ ಒಂದು ಟೇಕಾಫ್, ಒಂದು ಲ್ಯಾಂಡಿಂಗ್ ಸಿಗುತ್ತದೆ. ಖಂಡಾಂತರ ವಿಮಾನದಲ್ಲಿ ಹನ್ನೆರಡು ತಾಸು ಕೂತವರಿಗೂ ಸಿಗುವುದು ಅಷ್ಟೇ, ಅದೂ ಸಹೋದ್ಯೋಗಿ ಬಿಟ್ಟುಕೊಟ್ಟರೆ. ವಾಯುಸೇನೆಯ ಯುದ್ಧವಿಮಾನದ ಪೈಲಟ್‌ನ ಒಂದೊಂದು ಹಾರಾಟ ತಾಸಿಗಿಂತ ಕಡಿಮೆ ಇರಬಹುದು, ಆದರೆ ಅದರೊಳಗಿನ ಕೆಲಸದ ಒತ್ತಡಕ್ಕೆ ಬೇರೆಡೆ ಹೋಲಿಕೆ ಇಲ್ಲ. ಅದಕ್ಕೇ ಅಮೆರಿಕದ ಕೆಲವು ಕಂಪನಿಗಳು ಸೇನೆಯಿಂದ ಬಂದವರ ಪ್ರತಿಯೊಂದು ಹಾರಾಟಕ್ಕೂ ಒಂದಿಷ್ಟು ನಿಮಿಷ ಕೂಡಿಸಿ ಲೆಕ್ಕ ಹಾಕುತ್ತವೆ.

ಹಾಗಾಗಿ ಒಳ್ಳೆಯ ಕಂಪನಿಯ ಷರತ್ತಿನಲ್ಲಿ ಬರೀ ಒಟ್ಟು ತಾಸು ಇರುವುದಿಲ್ಲ. ಎರಡು ಎಂಜಿನ್ನಿನ ವಿಮಾನದಲ್ಲಿ ಎಷ್ಟು, ಕಮಾಂಡಿನಲ್ಲಿ ಎಷ್ಟು, ಇಬ್ಬರು ಪೈಲಟ್‌ಗಳು ಸೇರಿ ನಡೆಸುವ ವಿಮಾನದಲ್ಲಿ ಎಷ್ಟು, ಇತ್ತೀಚಿನ ಆರು ಅಥವಾ ಹನ್ನೆರಡು ತಿಂಗಳಲ್ಲಿ ಎಷ್ಟು ಎಂದು ಬಿಡಿಸಿ ಕೇಳಿರುತ್ತದೆ. ಕೊನೆಯದನ್ನು ಅನೇಕ ಹುಡುಗರು ಲಘುವಾಗಿ ತೆಗೆದುಕೊಳ್ಳುತ್ತಾರೆ. ಈಜು ಕಲಿತವನು ಮರೆಯುವುದಿಲ್ಲ ಎನ್ನುವ ಮಾತು ಉಪಕರಣ ಹಾರಾಟಕ್ಕೆ ಹೊಂದುವುದಿಲ್ಲ. ಆರು ತಿಂಗಳು ಕಾಕ್‌ಪಿಟ್‌ನಿಂದ ದೂರ ಉಳಿದರೆ ಕಣ್ಣು ಒಂದು ಉಪಕರಣದಿಂದ ಇನ್ನೊಂದಕ್ಕೆ ಹೋಗುವ ಲಯವೇ ತಪ್ಪಿರುತ್ತದೆ. ಇದನ್ನು ಕಾಯಿಲೆ ಬಿದ್ದು ಎದ್ದ ಮೇಲೆ ನಾನು ಸ್ವತಃ ಅನುಭವಿಸಿದ್ದೇನೆ.

ಈಗ ಗೋಡೆಯ ಎತ್ತರಕ್ಕೆ ಬರೋಣ. ಅದಕ್ಕೆ ಮೊದಲ ಕಾರಣ ಸುರಕ್ಷತೆಯೇ ಎಂದು ಎಲ್ಲರೂ ಭಾವಿಸುತ್ತಾರೆ. ಸುರಕ್ಷತೆ ಕಾರಣವೇ, ಅದರಲ್ಲಿ ಸಂಶಯವಿಲ್ಲ. ಆದರೆ ವರ್ಷದಿಂದ ವರ್ಷಕ್ಕೆ ಆ ಅಂಕಿ ಏರಿಳಿಯುವುದನ್ನು ನೋಡಿದರೆ, ಅದನ್ನು ಎಳೆದಾಡುತ್ತಿರುವ ಹಗ್ಗ ಮಾರುಕಟ್ಟೆಯ ಕೈಯಲ್ಲೂ ಇದೆ ಎಂಬುದು ಕಾಣುತ್ತದೆ. 2012ರಲ್ಲಿ ಕಿಂಗ್‌ಫಿಷರ್ ಹಾರಾಟ ನಿಲ್ಲಿಸಿತು, 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್ ನಿಲ್ಲಿಸಿತು. ಎರಡೂ ಸಲ ಸಾವಿರಾರು ತಾಸಿನ ಅನುಭವ ಇದ್ದವರು ಒಮ್ಮೆಗೇ ಕೆಲಸ ಹುಡುಕುವಂತಾಯಿತು. ಅಂಥವರು ಸಿಗುವಾಗ ಯಾವ ಕಂಪನಿಯೂ 200 ತಾಸಿನ ಹುಡುಗನ ಕಡೆ ತಿರುಗಿ ನೋಡುವುದಿಲ್ಲ. 2020ರ ಕೋವಿಡ್ ಕಾಲದಲ್ಲಂತೂ ಇದ್ದವರಿಗೇ ಹಾರಾಟ ಇರಲಿಲ್ಲ. ಆಮೇಲೆ ಗಾಳಿ ತಿರುಗಿತು. 2023ರ ಫೆಬ್ರುವರಿಯಲ್ಲಿ ಏರ್ ಇಂಡಿಯಾ 470 ವಿಮಾನಗಳನ್ನು ಖರೀದಿಸುವುದಾಗಿ ಪ್ರಕಟಿಸಿತು, ಅದೇ ವರ್ಷ ಜೂನ್‌ನಲ್ಲಿ ಇಂಡಿಗೋ 500 ವಿಮಾನಗಳಿಗೆ ಆರ್ಡರ್ ಕೊಟ್ಟಿತು. ವಾರದ ರಜೆ, ವಿಶ್ರಾಂತಿ, ತರಬೇತಿ ಎಲ್ಲ ಲೆಕ್ಕ ಹಾಕಿದರೆ ದಿನವಿಡೀ ಹಾರುವ ಒಂದೊಂದು ವಿಮಾನಕ್ಕೂ ಹತ್ತಕ್ಕಿಂತ ಹೆಚ್ಚು ಪೈಲಟ್‌ಗಳು ಬೇಕು. ಅನುಭವಿಗಳು ಅಷ್ಟು ಸಂಖ್ಯೆಯಲ್ಲಿ ಎಲ್ಲಿಯೂ ಇಲ್ಲ. ಇದ್ದವರನ್ನು ಬೇರೆ ಕಂಪನಿಯಿಂದ ಸೆಳೆಯುವುದೂ ನಿಧಾನದ ಕೆಲಸ, ಏಕೆಂದರೆ ಕೆಲಸ ಬಿಡುವ ಕಮಾಂಡರ್ ಒಂದು ವರ್ಷ, ಕೋ-ಪೈಲಟ್ ಆರು ತಿಂಗಳು ಮುಂಚೆ ನೋಟಿಸ್ ಕೊಡಬೇಕೆಂದು ಡಿಜಿಸಿಎ 2017ರಲ್ಲಿ ನಿಯಮ ಮಾಡಿದೆ. ಹೀಗಾದಾಗ ಗೋಡೆ ತಾನಾಗಿಯೇ ಕುಸಿದು ತಳಪಾಯದ ಮಟ್ಟಕ್ಕೆ ಬರುತ್ತದೆ. ನೆನ್ನೆ 1,000 ತಾಸು ಇಲ್ಲದೆ ಅಸುರಕ್ಷಿತ ಎನಿಸಿಕೊಂಡವನು ಇವತ್ತು 200 ತಾಸಿಗೇ ಸುರಕ್ಷಿತನಾಗಿಬಿಡಲಿಲ್ಲ. ಕಂಪನಿ ಅವನಿಗೆ ಕಲಿಸುವ ಹೊಣೆಯನ್ನು ಈಗ ತಾನು ಹೊರಲು ಒಪ್ಪಿಕೊಂಡಿತು, ಅಷ್ಟೆ.

ಎರಡನೆಯ ಕಾರಣ ಈ ಹೊಣೆಗೇ ಸಂಬಂಧಿಸಿದ್ದು, ಮತ್ತು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು. 200 ತಾಸಿನ ಪೈಲಟ್‌ನನ್ನು ಜೆಟ್ ವಿಮಾನಕ್ಕೆ ಸಿದ್ಧಗೊಳಿಸಬೇಕಾದರೆ ಮೊದಲು ತರಗತಿಯ ಪಾಠ, ಆಮೇಲೆ ಸಿಮ್ಯುಲೇಟರಿನಲ್ಲಿ, ಅಂದರೆ ನೆಲದ ಮೇಲೆಯೇ ಹಾರಾಟವನ್ನು ಅನುಕರಿಸುವ ಯಂತ್ರದಲ್ಲಿ ಟೈಪ್ ರೇಟಿಂಗ್, ಅದಾದ ಮೇಲೆ ನಿಜವಾದ ಪ್ರಯಾಣಿಕರಿರುವ ವಿಮಾನದಲ್ಲಿ ತರಬೇತಿ ಕ್ಯಾಪ್ಟನ್‌ನ ಪಕ್ಕ ಕೂತು ಹಾರುವ ಲೈನ್ ಟ್ರೇನಿಂಗ್ ಆಗಬೇಕು. ಅನುಭವಿ ಪೈಲಟ್‌ಗಿಂತ ಹೊಸಬನಿಗೆ ಈ ಲೈನ್ ಟ್ರೇನಿಂಗ್ ಬಹಳ ಹೆಚ್ಚು ಬೇಕು. ಇದಕ್ಕೆ ಬೇಕಾದ ತರಬೇತಿ ಕ್ಯಾಪ್ಟನ್‌ಗಳು ಪ್ರತಿ ಕಂಪನಿಯಲ್ಲೂ ಎಣಿಕೆಯ ಮಂದಿ. ನೂರು ಹೊಸಬರನ್ನು ಒಮ್ಮೆಗೇ ಸೇರಿಸಿಕೊಂಡು, ಕಲಿಸುವವರು ಹತ್ತೇ ಜನ ಇದ್ದರೆ, ತೊಂಬತ್ತು ಜನ ಸರದಿಯಲ್ಲಿ ಕಾಯುತ್ತ ಕಲಿತದ್ದನ್ನೂ ಮರೆಯುತ್ತಾರೆ. ಆದ್ದರಿಂದ ತರಬೇತಿ ವಿಭಾಗ ಸಣ್ಣದಿರುವ, ಐದಾರು ವಿಮಾನಗಳಷ್ಟೇ ಇರುವ ಕಂಪನಿ ‘ಟೈಪ್ ರೇಟಿಂಗ್ ಇದ್ದವರೇ ಬನ್ನಿ, 500 ತಾಸು ಆದವರೇ ಬನ್ನಿ’ ಎಂದರೆ ಅದರಲ್ಲಿ ಪ್ರಾಮಾಣಿಕತೆ ಇದೆ. ತನ್ನ ಶಕ್ತಿ ಇಷ್ಟೇ ಎಂದು ಅದು ಒಪ್ಪಿಕೊಂಡಿದೆ. ನನಗೆ ಅಂಜಿಕೆ ಆಗುವುದು ತರಬೇತಿಯ ಶಕ್ತಿ ಇಲ್ಲದೆಯೂ ಅಂಕಿಯನ್ನು ಇಳಿಸುವ ಕಂಪನಿಯನ್ನು ಕಂಡಾಗ.

ಇನ್ನು ವಿಮೆ. ದೊಡ್ಡ ವಿಮಾನ ಕಂಪನಿಗಳ ವಿಷಯದಲ್ಲಿ ವಿಮೆ ಕೊಡುವವರು ಅವುಗಳ ಒಟ್ಟಾರೆ ತರಬೇತಿ ವ್ಯವಸ್ಥೆಯನ್ನು ನೋಡುತ್ತಾರೆ. ಚಾರ್ಟರ್ ವಿಮಾನ, ಅಂದರೆ ಇಡೀ ವಿಮಾನವನ್ನೇ ಬಾಡಿಗೆಗೆ ಕೊಟ್ಟು ಓಡಿಸುವ ಸಣ್ಣ ಸಂಸ್ಥೆಗಳಿಗೆ ಮಾತ್ರ ಪೈಲಟ್‌ಗೆ ಇಷ್ಟು ತಾಸು, ಈ ಮಾದರಿಯಲ್ಲಿ ಇಷ್ಟು ತಾಸು ಇದ್ದರೇ ವಿಮೆ ಅನ್ವಯಿಸುತ್ತದೆ ಎಂದು ಪಾಲಿಸಿಯಲ್ಲೇ ಬರೆದಿರುವುದುಂಟು. ಅಲ್ಲಿ ಅರ್ಜಿ ತಿರಸ್ಕೃತವಾದರೆ ಅದು ಮಾಲೀಕನ ನಿರ್ಧಾರವೇ ಆಗಿರಬೇಕೆಂದಿಲ್ಲ.

ನಾಲ್ಕನೆಯದು ಜೋಡಿ ಕೂರಿಸುವ ಲೆಕ್ಕ. ಇದು ಹೊರಗಿನವರಿಗೆ ಅಷ್ಟಾಗಿ ತಿಳಿಯದ ಸಂಗತಿಯಾದ್ದರಿಂದ ಸ್ವಲ್ಪ ನಿಂತು ಹೇಳುತ್ತೇನೆ. 1987ರ ನವೆಂಬರ್ 15ರಂದು ಅಮೆರಿಕದ ಡೆನ್ವರ್‌ನಲ್ಲಿ ಹಿಮ ಸುರಿಯುತ್ತಿದ್ದಾಗ ಕಾಂಟಿನೆಂಟಲ್ ಏರ್‌ಲೈನ್ಸಿನ ಡಿಸಿ-9 ವಿಮಾನ ಟೇಕಾಫ್ ಆದ ಕೂಡಲೇ ಹೊರಳಿ ಬಿದ್ದು 28 ಜನ ಸತ್ತರು. ಕ್ಯಾಪ್ಟನ್‌ಗೆ ಒಟ್ಟು 12,000 ತಾಸಿಗೂ ಹೆಚ್ಚಿನ ಅನುಭವ ಇತ್ತು, ಕೋ-ಪೈಲಟ್‌ಗೆ 3,000ಕ್ಕೂ ಹೆಚ್ಚು ಇತ್ತು. ಇಷ್ಟನ್ನೇ ಓದಿದರೆ ಇವರಿಗಿಂತ ಅನುಭವಿಗಳು ಬೇಕೇ ಎನಿಸುತ್ತದೆ. ಆದರೆ ಆ ಕ್ಯಾಪ್ಟನ್ ಡಿಸಿ-9ರಲ್ಲಿ ಕ್ಯಾಪ್ಟನ್ ಆಗಿ ಹಾರಿದ್ದು 33 ತಾಸು ಮಾತ್ರ. ಕೋ-ಪೈಲಟ್ ಆ ವಿಮಾನದಲ್ಲಿ ಹಾರಿದ್ದು 36 ತಾಸು, ಅದರಲ್ಲೂ ಹಿಂದಿನ 24 ದಿನ ಹಾರಿಯೇ ಇರಲಿಲ್ಲ. ಅಂದು ಟೇಕಾಫ್ ಮಾಡಿದ್ದು ಆ ಕೋ-ಪೈಲಟ್. ರೆಕ್ಕೆಯ ಮೇಲಿನ ಹಿಮ ತೆಗೆದ ಮೇಲೆ ಅದು ಮತ್ತೆ ಕೂಡುವಷ್ಟು ಹೊತ್ತು ಕಾದದ್ದು ಒಂದು ಕಾರಣವಾದರೆ, ಮೂತಿಯನ್ನು ಬೇಕಾದದ್ದಕ್ಕಿಂತ ವೇಗವಾಗಿ ಎತ್ತಿದ್ದು ಇನ್ನೊಂದು ಕಾರಣ. ಆ ಕೋ-ಪೈಲಟ್ ಹಿಂದಿನ ಕೆಲಸಗಳಲ್ಲಿ ತರಬೇತಿಯಲ್ಲಿ ಎಡವಿದ್ದ ಸಂಗತಿಯೂ ತನಿಖೆಯಲ್ಲಿ ಹೊರಬಂತು. ಈಗ ಅಮೆರಿಕದ ನಿಯಮದ ಪ್ರಕಾರ ಜೋಡಿಯಲ್ಲಿ ಒಬ್ಬರಿಗಾದರೂ ಅದೇ ಮಾದರಿಯ ವಿಮಾನದಲ್ಲಿ 75 ತಾಸು ಆಗಿರಲೇಬೇಕು. ಇಬ್ಬರೂ ಹೊಸಬರಾದ ಜೋಡಿಯನ್ನು ತಪ್ಪಿಸುವುದು ನಮ್ಮ ಕಂಪನಿಗಳ ಡ್ಯೂಟಿ ಪಟ್ಟಿ ತಯಾರಿಸುವವರ ದಿನನಿತ್ಯದ ಕಾಳಜಿ. ಇದರ ಪರಿಣಾಮ ನೇರವಾಗಿ ನೇಮಕಾತಿಯ ಮೇಲೆ ಆಗುತ್ತದೆ. ಒಂದು ಕಂಪನಿಯಲ್ಲಿ ಹೊಸ ಕ್ಯಾಪ್ಟನ್‌ಗಳೇ ಹೆಚ್ಚಾದ ವರ್ಷ ಅದು ಕೋ-ಪೈಲಟ್‌ಗಳಿಗೆ ಹೆಚ್ಚು ಅನುಭವ ಕೇಳುತ್ತದೆ. ಹಳೆಯ ಕ್ಯಾಪ್ಟನ್‌ಗಳು ಸಾಕಷ್ಟಿದ್ದರೆ ಹೊಸಬರಿಗೆ ಬಾಗಿಲು ತೆರೆಯುತ್ತದೆ. ಅದೇ ಅರ್ಜಿ, ಅದೇ ಲಾಗ್‌ಬುಕ್. ಈ ವರ್ಷ ತಿರಸ್ಕೃತವಾದದ್ದು ಮುಂದಿನ ವರ್ಷ ಸ್ವೀಕೃತವಾಗುವುದಕ್ಕೆ ಇದೂ ಒಂದು ಕಾರಣ.

ಅಮೆರಿಕದ ವಿಷಯ ಬಂತಾದ್ದರಿಂದ ಅಲ್ಲಿನ 1,500 ತಾಸಿನ ಕಾನೂನಿನ ಬಗ್ಗೆ ಹೇಳಲೇಬೇಕು, ಏಕೆಂದರೆ ಇಲ್ಲಿ ಕೂತಿರುವ ಕೆಲವು ಪಾಲಕರು ಮಕ್ಕಳನ್ನು ಅಲ್ಲಿಗೆ ಕಳಿಸುವ ಯೋಚನೆಯಲ್ಲಿದ್ದೀರಿ. 2009ರ ಫೆಬ್ರುವರಿ 12ರ ರಾತ್ರಿ ನ್ಯೂಯಾರ್ಕ್ ರಾಜ್ಯದ ಬಫಲೋ ನಗರದ ಹತ್ತಿರ ಕೋಲ್ಗನ್ ಏರ್ ಕಂಪನಿಯ ಟರ್ಬೊಪ್ರಾಪ್ (ಪ್ರೊಪೆಲ್ಲರ್ ಇರುವ) ವಿಮಾನ ಮನೆಯೊಂದರ ಮೇಲೆ ಬಿದ್ದು 50 ಜನ ಸತ್ತರು. ವೇಗ ಕಡಿಮೆಯಾಗಿ ರೆಕ್ಕೆ ತನ್ನ ಎತ್ತುವ ಶಕ್ತಿ ಕಳೆದುಕೊಳ್ಳಲಿದೆ ಎಂದು ಪೈಲಟ್ ಕೈಯಲ್ಲಿ ಹಿಡಿಯುವ ಕಂಟ್ರೋಲ್ ಅಲುಗಾಡಿ ಎಚ್ಚರಿಸಿದಾಗ, ಕ್ಯಾಪ್ಟನ್ ಮೂತಿಯನ್ನು ಇಳಿಸುವ ಬದಲು ಕಂಟ್ರೋಲನ್ನು ತನ್ನತ್ತ ಎಳೆದಿದ್ದರು. ಮೃತರ ಕುಟುಂಬಗಳ ಹೋರಾಟದಿಂದ 2010ರಲ್ಲಿ ಕಾನೂನು ಬಂತು, 2013ರಲ್ಲಿ ನಿಯಮ ಜಾರಿಯಾಯಿತು. ಅದುವರೆಗೆ 250 ತಾಸಿಗೆ ಕೋ-ಪೈಲಟ್ ಆಗಬಹುದಾಗಿದ್ದ ದೇಶದಲ್ಲಿ 1,500 ತಾಸು ಕಡ್ಡಾಯವಾಯಿತು. ಸೇನೆಯಿಂದ ಬಂದವರಿಗೆ 750, ವಿಮಾನಯಾನದಲ್ಲಿ ಪದವಿ ಪಡೆದವರಿಗೆ 1,000 ಎಂಬ ರಿಯಾಯಿತಿಗಳಿವೆ.

ಆ ಕುಟುಂಬಗಳ ನೋವಿನ ಮುಂದೆ ನಾನು ತಲೆಬಾಗುತ್ತೇನೆ, ಅವರ ಹೋರಾಟದಿಂದ ಪೈಲಟ್‌ಗಳ ವಿಶ್ರಾಂತಿ, ಹಿಂದಿನ ದಾಖಲೆಗಳ ಪರಿಶೀಲನೆ ಮುಂತಾದ ಬಹಳ ಒಳ್ಳೆಯ ಸುಧಾರಣೆಗಳಾದವು. ಆದರೂ ಒಂದು ಸತ್ಯ ಹೇಳಬೇಕು. ಆ ವಿಮಾನದ ಕ್ಯಾಪ್ಟನ್‌ಗೆ 3,300ಕ್ಕೂ ಹೆಚ್ಚು, ಕೋ-ಪೈಲಟ್‌ಗೆ 2,200ಕ್ಕೂ ಹೆಚ್ಚು ತಾಸಿನ ಅನುಭವ ಇತ್ತು. 1,500ರ ನಿಯಮ ಅಂದೇ ಇದ್ದಿದ್ದರೂ ಇಬ್ಬರೂ ಅದನ್ನು ದಾಟಿ ಒಳಗೆ ಬಂದಿರುತ್ತಿದ್ದರು. ಕ್ಯಾಪ್ಟನ್ ಹಿಂದೆ ಹಲವು ಪರೀಕ್ಷಾ ಹಾರಾಟಗಳಲ್ಲಿ ವಿಫಲರಾಗಿದ್ದರು, ಅದರಲ್ಲಿ ಕೆಲವು ಕಂಪನಿಗೆ ಗೊತ್ತೇ ಇರಲಿಲ್ಲ. ತಾಸಿನ ಮೊತ್ತ ಹೇಳದ ಸಂಗತಿ ಅದು. ಯುರೋಪು ಇನ್ನೊಂದು ದಾರಿ ಹಿಡಿಯಿತು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 2006ರಲ್ಲಿ ಜಾರಿಗೆ ತಂದ ಬಹುಪೈಲಟ್ ಲೈಸೆನ್ಸಿನಲ್ಲಿ ಸಿಮ್ಯುಲೇಟರೂ ಸೇರಿ 240 ತಾಸಿನ ತರಬೇತಿ ಸಾಕು, ಆದರೆ ಮೊದಲ ದಿನದಿಂದಲೇ ಇಬ್ಬರು ಸೇರಿ ಕೆಲಸ ಮಾಡುವ ರೀತಿಯನ್ನು ಕಲಿಸಬೇಕು, ಮತ್ತು ಸಾಮಾನ್ಯವಾಗಿ ಒಂದು ವಿಮಾನ ಕಂಪನಿ ಆ ವಿದ್ಯಾರ್ಥಿಯ ಹೊಣೆ ಹೊತ್ತಿರಬೇಕು. ಎರಡೂ ಕಡೆ ವಿಮಾನಗಳು ಸುರಕ್ಷಿತವಾಗಿ ಹಾರುತ್ತಿವೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಹಾಡು ಕಲಿತವರನ್ನು ನಾವು ಎಷ್ಟು ತಾಸು ಹಾಡಿದ್ದೀರಿ ಎಂದು ಕೇಳುವುದಿಲ್ಲ, ಯಾರ ಮುಂದೆ ಕೂತು ಕಲಿತಿರಿ ಎಂದು ಕೇಳುತ್ತೇವೆ. ರಿಯಾಜು ಬೇಡವೆಂದಲ್ಲ, ತಪ್ಪಿದ ಸ್ವರವನ್ನು ಅಲ್ಲೇ ತಡೆದು ತಿದ್ದುವವರು ಎದುರಿಗೆ ಇದ್ದಾಗಲೇ ರಿಯಾಜಿಗೆ ಬೆಲೆ.

ಹಾಗಂತ ತಾಸು ಗಳಿಸಲು ತರಬೇತಿ ಶಾಲೆಯಲ್ಲಿ ಬೋಧಕರಾಗಿ ದುಡಿದವರನ್ನು ನಾನು ಹಗುರವಾಗಿ ಕಾಣುವುದಿಲ್ಲ. ಒಂದು ಆಯ್ಕೆಯ ದಿನ ನೆನಪಿದೆ. ಸಿಮ್ಯುಲೇಟರಿನಲ್ಲಿ ಎಲ್ಲರಿಗೂ ಒಂದೇ ಪರೀಕ್ಷೆ: ನೆಲ ಬಿಟ್ಟ ಕೂಡಲೇ ಒಂದು ಎಂಜಿನ್ ನಿಲ್ಲುತ್ತದೆ. 1,800 ತಾಸಿನ ಅಭ್ಯರ್ಥಿಯೊಬ್ಬರ ಕೈ ತಕ್ಷಣ ಲಿವರ್‌ಗಳ ಕಡೆಗೆ ಓಡಿತು. ಪಕ್ಕದವನಿಗೆ ಒಂದು ಮಾತೂ ಹೇಳದೆ ಎಲ್ಲವನ್ನೂ ತಾವೇ ಮಾಡಲು ಹೊರಟು, ದಿಕ್ಕು ತಪ್ಪಿದ್ದನ್ನು ಗಮನಿಸಲಿಲ್ಲ. ಆಮೇಲೆ ಬಂದ 230 ತಾಸಿನ ಹುಡುಗಿ ಎಂಜಿನ್ ಹೋಯಿತೆಂದು ಜೋರಾಗಿ ಹೇಳಿದಳು, ಕಾಲಿನಿಂದ ರಡ್ಡರ್, ಅಂದರೆ ವಿಮಾನದ ಮೂತಿಯನ್ನು ಎಡಬಲ ತಿರುಗಿಸುವ ಪೆಡಲ್ ಒತ್ತಿ ವಿಮಾನವನ್ನು ನೇರ ಇಟ್ಟುಕೊಂಡಳು, 400 ಅಡಿ ಏರುವವರೆಗೆ ಬೇರೆ ಏನನ್ನೂ ಮುಟ್ಟಲಿಲ್ಲ. ಆಮೇಲೆ ಚೆಕ್‌ಲಿಸ್ಟ್ ಓದಲು ಪಕ್ಕದವನಿಗೆ ಹೇಳಿದಳು. ಅವಳ ಕಣಕಾಲು ನಡುಗುತ್ತಿದ್ದುದು ಹಿಂದೆ ಕೂತ ನನಗೆ ಕಾಣುತ್ತಿತ್ತು, ವಿಮಾನ ಮಾತ್ರ ನಡುಗಲಿಲ್ಲ. ಅದೇ ದಿನ ಮಧ್ಯಾಹ್ನ ಎಲ್ಲರಿಗಿಂತ ಚೆನ್ನಾಗಿ ಮಾಡಿದ್ದು ಇನ್ನೊಬ್ಬ ಬೋಧಕರೇ. ಬೇರೆಯವರ ತಪ್ಪನ್ನು ಅದು ಆಗುವ ಮೊದಲೇ ಗುರುತಿಸುವ ಕಣ್ಣು ಅವರಿಗೆ ಬಂದಿತ್ತು. ಮೂವರ ಲಾಗ್‌ಬುಕ್ಕಿನ ಮೊತ್ತ ನೋಡಿ ಈ ಫಲಿತಾಂಶವನ್ನು ಮೊದಲೇ ಹೇಳಲು ಯಾರಿಂದಲೂ ಆಗುತ್ತಿರಲಿಲ್ಲ.

ಕೋ-ಪೈಲಟ್‌ಗೆ ಬೇಕಾದ ಅನುಭವ ಎಂದರೆ ವಿಮಾನವನ್ನು ಆಡಿಸುವುದಷ್ಟೇ ಅಲ್ಲ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ನಡೆದ ದುರಂತವನ್ನು ನೆನೆಯಬೇಕು. 2010ರ ಮೇ 22ರ ಬೆಳಗಿನ ಜಾವ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಗುಡ್ಡದ ಮೇಲಿನ ರನ್‌ವೇಯಿಂದ ಕಣಿವೆಗೆ ಜಾರಿ 158 ಜನ ತೀರಿಕೊಂಡರು, ಉಳಿದವರು ಎಂಟೇ ಜನ. ಕ್ಯಾಪ್ಟನ್‌ಗೆ 10,000 ತಾಸಿಗೂ ಮೀರಿದ ಅನುಭವ, ಕೋ-ಪೈಲಟ್‌ಗೆ 3,600 ತಾಸಿನಷ್ಟು. ದಾರಿಯಲ್ಲಿ ಕ್ಯಾಪ್ಟನ್ ಬಹುಹೊತ್ತು ನಿದ್ರಿಸಿದ್ದರು. ವಿಮಾನ ಬಹಳ ಎತ್ತರದಲ್ಲಿ, ಬಹಳ ವೇಗದಲ್ಲಿ ಇಳಿಯಲು ಬಂತು. ಇಳಿಯುವುದು ಬೇಡ, ಮತ್ತೆ ಮೇಲೇರೋಣ ಎಂದು ಕೋ-ಪೈಲಟ್ ಮೂರು ಬಾರಿ ಹೇಳಿದರು, ಯಂತ್ರದ ಎಚ್ಚರಿಕೆಗಳೂ ಕೂಗಿದವು, ಕ್ಯಾಪ್ಟನ್ ಮುಂದುವರಿದರು. ತನಿಖೆ ಇದನ್ನೇ ನೇರ ಕಾರಣವೆಂದು ದಾಖಲಿಸಿದೆ. ಇಲ್ಲಿ ಕಡಿಮೆ ಅನುಭವದವರ ಮಾತು ಸರಿಯಾಗಿತ್ತು, ಹೆಚ್ಚು ಅನುಭವದವರ ನಿರ್ಧಾರ ತಪ್ಪಾಗಿತ್ತು. ನಮ್ಮ ಮನೆಗಳಲ್ಲಿ ಹಿರಿಯರ ಮಾತಿಗೆ ಎದುರಾಡಬಾರದು ಎಂದೇ ಬೆಳೆಸುತ್ತೇವೆ. ಕಾಕ್‌ಪಿಟ್‌ನಲ್ಲಿ ಅದೇ ಸಂಸ್ಕಾರ ಜೀವಕ್ಕೆ ಎರವಾಗಬಹುದು. ಆದ್ದರಿಂದ ಸಂದರ್ಶನದಲ್ಲಿ ನಾನು ಪ್ರತಿಯೊಬ್ಬ ಅಭ್ಯರ್ಥಿಗೂ ತಪ್ಪದೆ ಕೇಳುತ್ತಿದ್ದ ಪ್ರಶ್ನೆ: ‘ನಿಮಗಿಂತ ಹಿರಿಯರನ್ನು ಯಾವಾಗ ತಡೆದಿದ್ದೀರಿ, ಯಾವ ಶಬ್ದಗಳಲ್ಲಿ ತಡೆದಿರಿ?’ ಉತ್ತರವೇ ಹೊಳೆಯದವರು ಎಷ್ಟು ತಾಸು ಹಾರಿದ್ದರೂ ನನಗೆ ಚಿಂತೆ ಹತ್ತುತ್ತಿತ್ತು. ಇದೇ ಹುಬ್ಬಳ್ಳಿ ನಿಲ್ದಾಣದಲ್ಲಿ 2015ರ ಮಾರ್ಚ್‌ನಲ್ಲಿ ಮಳೆಯ ನಡುವೆ ಇಳಿದ ವಿಮಾನವೊಂದು ರನ್‌ವೇ ಬಿಟ್ಟು ಪಕ್ಕಕ್ಕೆ ಸರಿದು ನಿಂತದ್ದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಜೀವಹಾನಿ ಆಗಲಿಲ್ಲ. ಅಂಥ ಮಳೆಯಲ್ಲಿ ರನ್‌ವೇಯ ದೀಪ ಕಾಣದಾದಾಗ ‘ಬೇಡ’ ಎನ್ನುವ ಒಂದು ಶಬ್ದಕ್ಕಾಗಿಯೇ ಎರಡನೆಯ ಪೈಲಟ್ ಅಲ್ಲಿ ಇರುತ್ತಾರೆ.

ಅಂಕಿಗೇ ಎಲ್ಲ ಬೆಲೆ ಕೊಟ್ಟರೆ ಇನ್ನೊಂದು ಅಪಾಯ ಹುಟ್ಟುತ್ತದೆ. ಹಾರದೆಯೇ ಬರೆದುಕೊಂಡ ತಾಸಿಗೆ ನಮ್ಮ ವೃತ್ತಿಯಲ್ಲಿ ‘ಪಾರ್ಕರ್ ಪೆನ್ನಿನ ತಾಸು’ ಎಂಬ ಹಳೆಯ ಹೆಸರಿದೆ. 2011ರಲ್ಲಿ ನಮ್ಮ ದೇಶದಲ್ಲಿ ನಕಲಿ ಅಂಕಪಟ್ಟಿಯ ಮೇಲೆ ಲೈಸೆನ್ಸ್ ಪಡೆದವರು, ಹಾರದ ತಾಸುಗಳನ್ನು ಲಾಗ್‌ಬುಕ್ಕಿನಲ್ಲಿ ತೋರಿಸಿದವರು ಸಿಕ್ಕಿಬಿದ್ದು ಬಂಧನಗಳೂ ಆದವು. ಸುಳ್ಳು ತಾಸು ಗುರುತಿಸುವುದು ಬಹಳ ಕಷ್ಟವೇನಲ್ಲ. ಒಂದೇ ವಿಮಾನ ಒಂದೇ ಹೊತ್ತಿಗೆ ಇಬ್ಬರ ಪುಸ್ತಕದಲ್ಲಿ ಹಾರಿರುತ್ತದೆ, ಇಲ್ಲವೇ ಆ ದಿನ ವಿಮಾನ ದುರಸ್ತಿಗೆ ನಿಂತಿರುತ್ತದೆ. ಶಾಲೆಯ ಇಂಧನದ ಲೆಕ್ಕ, ವಿಮಾನದ ಸ್ವಂತ ದಾಖಲೆ ಪುಸ್ತಕ, ನಿಲ್ದಾಣದ ದಾಖಲೆ ಮೂರನ್ನೂ ಪಕ್ಕಪಕ್ಕ ಇಟ್ಟರೆ ಸಾಕು. ಸಿಕ್ಕಿಬಿದ್ದವನ ವೃತ್ತಿ ಅಲ್ಲಿಗೆ ಮುಗಿಯಿತು. ಸಿಕ್ಕಿಬೀಳದವನ ಹಿಂದೆ ಕೂತ ಪ್ರಯಾಣಿಕರ ಗತಿ ಏನು ಎಂಬುದನ್ನು ನೆನೆದರೆ ನನಗೆ ಈಗಲೂ ನಿದ್ದೆ ಹಾರುತ್ತದೆ.

ಈಗ ರಾಣೆಬೆನ್ನೂರಿನ ಹುಡುಗನ ಲಾಗ್‌ಬುಕ್ಕಿಗೆ ಮರಳುತ್ತೇನೆ. ಮೊತ್ತ 206 ತಾಸು. ಬರಹ ಸ್ಪಷ್ಟವಾಗಿತ್ತು, ಕೂಡಿಸಿದ್ದರಲ್ಲಿ ತಪ್ಪಿರಲಿಲ್ಲ, ಪ್ರತಿ ಹಾಳೆಗೂ ಬೋಧಕರ ಸಹಿ ಇತ್ತು. ಕೊನೆಯ ಹಾರಾಟ ಮಾತ್ರ ಹತ್ತು ತಿಂಗಳ ಹಿಂದಿನದು. ತಂದೆ ಇದುವರೆಗೆ ಅರ್ಧ ಕೋಟಿಗೂ ಹೆಚ್ಚು ಖರ್ಚು ಮಾಡಿದ್ದರು, ಅದಕ್ಕಾಗಿ ನೀರಾವರಿ ಹೊಲದ ಒಂದು ಭಾಗ ಕೈಬಿಟ್ಟಿತ್ತು. ಉಳಿದ ಹೊಲವನ್ನೂ ಮಾರಿ ವಿದೇಶದಲ್ಲಿ ಇನ್ನೂ ಮುನ್ನೂರು ತಾಸು ಸಣ್ಣ ವಿಮಾನದಲ್ಲಿ ಹಾರಿಸಿಕೊಂಡು ಬಂದರೆ 500 ಆಗುತ್ತದಲ್ಲವೇ ಎಂಬುದು ಅವರ ಲೆಕ್ಕ. ನಾನು ಜಾಹೀರಾತನ್ನು ಅವರ ಮುಂದೆ ಇಟ್ಟು ಓದಿಸಿದೆ. ಅಲ್ಲಿ ಕೇಳಿದ್ದು ಆ ಮಾದರಿಯ ಜೆಟ್ ವಿಮಾನದಲ್ಲಿ 500 ತಾಸು. ಸೆಸ್ನಾದಲ್ಲಿ ಐದು ಸಾವಿರ ತಾಸು ಹಾರಿದರೂ ಆ ಷರತ್ತು ಪೂರೈಸುವುದಿಲ್ಲ. ಹೊಲ ಮಾರಿದ್ದರೆ ಹೊಲವೂ ಹೋಗುತ್ತಿತ್ತು, ಕೆಲಸವೂ ಸಿಗುತ್ತಿರಲಿಲ್ಲ.

ಅವರಿಗೆ ನಾನು ಹೇಳಿದ್ದು ಮೂರು ಮಾತು. ಮೊದಲು ಬೆಳಗಾವಿಯಲ್ಲೋ ಬೇರೆಲ್ಲೋ ಹತ್ತಿರದ ತರಬೇತಿ ಶಾಲೆಯಲ್ಲಿ ಕೆಲವು ತಾಸು ಹಾರಿ, ಉಪಕರಣ ಹಾರಾಟದ ಕೈಯನ್ನು ಮತ್ತೆ ಹದಕ್ಕೆ ತರಬೇಕು. ಎರಡನೆಯದಾಗಿ, ಯಾವ ಕಂಪನಿ 200 ತಾಸಿನವರನ್ನು ಕರೆಯುತ್ತದೆ ಎಂಬುದು ಸ್ಪಷ್ಟವಾಗುವವರೆಗೆ ಸ್ವಂತ ಹಣದಲ್ಲಿ ಟೈಪ್ ರೇಟಿಂಗ್ ಮಾಡಿಸಬಾರದು, ಏಕೆಂದರೆ ಒಂದು ಮಾದರಿಯ ರೇಟಿಂಗ್ ಇನ್ನೊಂದು ಮಾದರಿಯ ವಿಮಾನ ಇರುವ ಕಂಪನಿಯಲ್ಲಿ ಕೆಲಸಕ್ಕೆ ಬಾರದು. ಮೂರನೆಯದು, ಸೇರುವ ಮೊದಲು ಲೈನ್ ಟ್ರೇನಿಂಗ್ ಎಷ್ಟು ತಿಂಗಳಲ್ಲಿ ಮುಗಿಸಿಕೊಡುತ್ತೀರಿ, ತರಬೇತಿ ಕ್ಯಾಪ್ಟನ್‌ಗಳು ಎಷ್ಟು ಜನ ಇದ್ದಾರೆ ಎಂದು ಕಂಪನಿಯನ್ನು ಅವನೇ ಬಾಯಿಬಿಟ್ಟು ಕೇಳಬೇಕು.

‘ಕಂಪನಿಯವ್ರಿಗೆ ಹಂಗ ನಾವು ಪ್ರಶ್ನಿ ಕೇಳಬಹುದೇನ್ರಿ?’ ಎಂದರು ತಂದೆ. ಕೇಳಬಹುದು ಎಂದೆ. ಹುಡುಗ ಆವರೆಗೆ ಸುಮ್ಮನಿದ್ದವನು ಜೇಬಿನಿಂದ ಪೆನ್ನು ತೆಗೆದು, ಜಾಹೀರಾತಿನ ಹಿಂಬದಿಯಲ್ಲಿ ಆ ಎರಡು ಪ್ರಶ್ನೆಗಳನ್ನು ಬರೆದುಕೊಂಡ.